ಒಂದು ಮುಖ, ಎರಡು ಬೆಳಕು: ಡಬಲ್ ಎಕ್ಸ್‌ಪೋಶರ್ ಭಾವಚಿತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಖದೊಳಗೊಂದು ಮರ, ಬೆನ್ನಿನ ತುಂಬ ಮಳೆಹನಿ, ಕಣ್ಣಿರಬೇಕಾದ ಕಡೆ ಬಾಗಿಲು. ಇಂಥ ಚಿತ್ರಗಳನ್ನು ತೆಗೆಯಲು ಶುರು ಮಾಡಿ ಹಲವು ವರ್ಷಗಳಾದವು. ನೋಡಿದವರು ಎದುರಿಗೆ ಸಿಕ್ಕಾಗ ಕೇಳಿದ್ದು, ಪತ್ರದಲ್ಲಿ ಬರೆದದ್ದು ಎಲ್ಲವನ್ನೂ ಒಟ್ಟು ಮಾಡಿ ಇಲ್ಲಿ ಉತ್ತರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಮೊದಲ ಪರಿಚಯ

ಡಬಲ್ ಎಕ್ಸ್‌ಪೋಶರ್ ಅಂದ್ರೆ ಎರಡು ಫೋಟೋನ ಅಂಟಿಸೋದಾ?

ಅಂಟಿಸಿದರೆ ಒಂದು ಚಿತ್ರ ಇನ್ನೊಂದನ್ನು ಮುಚ್ಚುತ್ತದೆ. ಇಲ್ಲಿ ಯಾವುದೂ ಯಾವುದನ್ನೂ ಮುಚ್ಚುವುದಿಲ್ಲ. ಫಿಲ್ಮಿನ ಒಂದೇ ಚೌಕದ ಮೇಲೆ ಎರಡು ಸಲ ಬೆಳಕು ಬೀಳುತ್ತದೆ, ಅಷ್ಟೇ. ಮೊದಲು ಬಿದ್ದ ಬೆಳಕು ಅಲ್ಲೇ ಇರುತ್ತದೆ. ಎರಡನೆಯದು ಬಂದು ಅದರ ಜೊತೆ ಸೇರಿಕೊಳ್ಳುತ್ತದೆ.

ಆದರೆ ಎಲ್ಲ ಕಡೆಯೂ ಒಂದೇ ಥರ ಸೇರುವುದಿಲ್ಲ. ಮೊದಲ ಚಿತ್ರದಲ್ಲಿ ಎಲ್ಲಿ ಕತ್ತಲಿತ್ತೋ ಅಲ್ಲಿ ಎರಡನೆಯ ಚಿತ್ರ ಚೆನ್ನಾಗಿ ಮೂಡುತ್ತದೆ. ಎಲ್ಲಿ ಆಗಲೇ ಬೆಳಕು ತುಂಬಿತ್ತೋ ಅಲ್ಲಿ ಮೇಲಿಂದ ಏನೇ ಬಿದ್ದರೂ ಬಿಳಿಯಾಗಿಯೇ ಉಳಿಯುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗೆ. ಕಪ್ಪು ಕೂದಲು, ಕೆನ್ನೆಯ ನೆರಳು, ಗಾಢ ಬಣ್ಣದ ಬಟ್ಟೆ, ಇವೇ ಇನ್ನೊಂದು ಚಿತ್ರಕ್ಕೆ ಜಾಗ ಬಿಟ್ಟುಕೊಡುವುದು. ನನ್ನ ಮಟ್ಟಿಗೆ ಈ ಕಲೆಯ ತಂತ್ರವೂ ಇಷ್ಟೇ, ಅರ್ಥವೂ ಇಲ್ಲೇ ಇದೆ. ಮನುಷ್ಯರ ನೆರಳಿರುವ ಕಡೆಯಲ್ಲೇ ಇನ್ನೊಂದು ಕತೆ ಕೂರುತ್ತದೆ.

ಇದು ಫೋನ್ ಆಪ್‌ಗಳಿಂದ ಬಂದ ಹೊಸ ಟ್ರೆಂಡ್ ಅಲ್ವಾ?

ಫೋಟೋಗ್ರಫಿ ಹುಟ್ಟಿದ ಸ್ವಲ್ಪ ದಿನಕ್ಕೇ ಜನ ಚಿತ್ರಗಳನ್ನು ಬೆರೆಸತೊಡಗಿದರು. 1857ರಲ್ಲಿ ಆಸ್ಕರ್ ರೈಲಾಂಡರ್ 30ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸೇರಿಸಿ ಒಂದೇ ದೊಡ್ಡ ಚಿತ್ರ ಮಾಡಿದ್ದರು. 1860ರ ದಶಕದಲ್ಲಿ ಬಾಸ್ಟನ್ನಿನ ವಿಲಿಯಂ ಮಮ್ಲರ್ ಎಂಬಾತ ಕುಳಿತವರ ಹಿಂದೆ ಮಸುಕು ಮಸುಕಾದ ಇನ್ನೊಂದು ಆಕೃತಿ ಬರುವಂತೆ ಮಾಡಿ, ತೀರಿಹೋದವರ ಆತ್ಮ ಎಂದು ಮಾರುತ್ತಿದ್ದ. 1920ರ ದಶಕದ ಯುರೋಪಿನ ಕಲಾವಿದರಿಗಂತೂ ಇದು ಅಚ್ಚುಮೆಚ್ಚು. ಆಪ್‌ಗಳು ಕೆಲಸ ಸುಲಭ ಮಾಡಿದವು, ನಿಜ. ಆದರೆ ಆಸೆ ಹಳೆಯದು.

'ಸರ್ರಿಯಲ್' ಅಂತ ಯಾಕೆ ಕರೀತಾರೆ? ವಿಚಿತ್ರವಾಗಿದ್ರೆ ಸಾಕಾ?

1924ರಲ್ಲಿ ಪ್ಯಾರಿಸ್ಸಿನಲ್ಲಿ ಕವಿ ಆಂದ್ರೆ ಬ್ರೆತಾನ್ ಸರ್ರಿಯಲಿಸಂನ ಪ್ರಣಾಳಿಕೆ ಹೊರತಂದರು. ಕನಸು ಮತ್ತು ಎಚ್ಚರ ಬೇರೆ ಬೇರೆ ಲೋಕಗಳಂತೆ ಕಂಡರೂ ಎರಡೂ ಸೇರಿ ಇನ್ನೂ ದೊಡ್ಡದೊಂದು ವಾಸ್ತವ ಆಗಬಲ್ಲದು ಎಂಬುದು ಅವರ ನಂಬಿಕೆ. ಡಬಲ್ ಎಕ್ಸ್‌ಪೋಶರ್ ಆ ಯೋಚನೆಗೆ ಸಲೀಸಾಗಿ ಒಗ್ಗಿತು. ಕ್ಯಾಮೆರಾ ಕಂಡದ್ದನ್ನೇ ಹಿಡಿಯುತ್ತದೆ ಎಂದು ನಾವು ನಂಬಿರುತ್ತೇವೆ. ಅದೇ ಕ್ಯಾಮೆರಾ ಆಗದ್ದನ್ನು ತೋರಿಸಿದಾಗ ಮನಸ್ಸು ಒಂದು ಕ್ಷಣ ತಡವರಿಸುತ್ತದೆ.

ಬರೀ ವಿಚಿತ್ರವಾಗಿದ್ದರೆ ಸಾಲದು. ಕನಸಿನಲ್ಲಿ ಎಷ್ಟೇ ವಿಚಿತ್ರ ಕಂಡರೂ 'ಇದು ನನ್ನದೇ' ಅನಿಸುತ್ತದೆ ಅಲ್ವಾ? ಚಿತ್ರದಲ್ಲೂ ಆ ಗುರುತು ಸಿಗಬೇಕು.

## ತೆಗೆಯುವ ಬಗೆ

ನನ್ನ ಹತ್ರ ಫೋನ್ ಬಿಟ್ಟು ಬೇರೇನೂ ಇಲ್ಲ. ಆಗುತ್ತಾ?

ಖಂಡಿತ ಆಗುತ್ತದೆ. ಸ್ನ್ಯಾಪ್‌ಸೀಡ್‌ನಂಥ ಆಪ್‌ನಲ್ಲಿ ಇದಕ್ಕೆಂದೇ ಒಂದು ಸಾಧನ ಇದೆ. ಮೊದಲು ಮುಖದ ಫೋಟೋ ತೆರೆಯಿರಿ, ಮೇಲೆ ಎರಡನೆಯದನ್ನು ಹಾಕಿ, 'ಲೈಟನ್' ಆರಿಸಿ ನೋಡಿ. ಒಂದು ಸಲಹೆ ಮಾತ್ರ ಕೊಡುತ್ತೇನೆ: ಗ್ಯಾಲರಿಯಲ್ಲಿ ಇದ್ದಬದ್ದ ಫೋಟೋಗಳನ್ನು ಸೇರಿಸುವ ಬದಲು, ಸೇರಿಸಲೆಂದೇ ಎರಡು ಹೊಸ ಫೋಟೋ ತೆಗೆಯಿರಿ. ತಲೆಯಲ್ಲಿ ಎರಡನೆಯ ಚಿತ್ರ ಇಟ್ಟುಕೊಂಡು ಮೊದಲನೆಯದನ್ನು ತೆಗೆದರೆ ಅದನ್ನು ತೆಗೆಯುವ ರೀತಿಯೇ ಬದಲಾಗುತ್ತದೆ.

ನಾನು ಮಾಡಿದ್ರೆ ಬರೀ ಕಲಸುಮೇಲೋಗರ ಆಗುತ್ತೆ. ಎಲ್ಲಿ ತಪ್ಪಾಗ್ತಿದೆ?

ನನಗೆ ಎಲ್ಲಕ್ಕಿಂತ ಜಾಸ್ತಿ ಬಂದ ಪ್ರಶ್ನೆ ಇದು. ಉತ್ತರ ಹತ್ತರಲ್ಲಿ ಒಂಬತ್ತು ಸಲ ಒಂದೇ: ಎರಡೂ ಚಿತ್ರಗಳು ಮಾತಾಡುತ್ತಿವೆ, ಯಾವುದೂ ಸುಮ್ಮನಿಲ್ಲ. ಮುಖಕ್ಕೆ ಎಲ್ಲ ಕಡೆಯಿಂದ ಬೆಳಕು, ಹಿಂದೆ ಪುಸ್ತಕದ ಕಪಾಟು, ಮೇಲೆ ಬಿದ್ದ ಚಿತ್ರದಲ್ಲಿ ಜನಸಂದಣಿ. ಕಣ್ಣು ಎಲ್ಲಿ ನಿಲ್ಲಬೇಕು?

ಹೀಗೆ ಶುರು ಮಾಡಿ. ಮೋಡ ಕವಿದ ದಿನ, ಬೆಳ್ಳಗಿನ ಆಕಾಶದ ಎದುರು ಒಬ್ಬರನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ. ನೀವು ಸ್ವಲ್ಪ ಬಗ್ಗಿ, ತಲೆಯ ಸುತ್ತ ಆಕಾಶ ಬಿಟ್ಟು ಬೇರೇನೂ ಬಾರದಂತೆ ನೋಡಿಕೊಳ್ಳಿ. ಆಕಾಶ ಪೂರ್ತಿ ಬಿಳಿ ಆಗಬೇಕು, ಮನುಷ್ಯ ಹೆಚ್ಚುಕಮ್ಮಿ ಕಪ್ಪಾಗಬೇಕು. ಹಣೆ, ಮೂಗು, ತುಟಿ, ಗಲ್ಲದ ಗೆರೆ ಕತ್ತರಿಸಿ ಇಟ್ಟಂತೆ ಇರಲಿ. ಕೂದಲು ಮುಖದ ಗೆರೆಗೆ ಅಡ್ಡ ಬಂದಿದ್ದರೆ ಹಿಂದಕ್ಕೆ ಸರಿಸಲು ಹೇಳಿ. ಕನ್ನಡಕ ಇದ್ದರೆ ಇರಲಿ, ಅದು ಗುರುತು ಉಳಿಸುತ್ತದೆ.

ಎರಡನೆಯದಕ್ಕೆ ಒಂದೇ ಬಗೆಯ ವಿನ್ಯಾಸ ಇರುವುದನ್ನು ಆರಿಸಿ: ಎಲೆ, ತೊಗಟೆ, ನೀರಿನ ಅಲೆ, ನೇಯ್ದ ಬಟ್ಟೆ. ಬಿಳಿ ಆಕಾಶದ ಮೇಲೆ ಬಿದ್ದದ್ದು ಅಳಿಸಿಹೋಗುತ್ತದೆ. ಕಪ್ಪು ಆಕೃತಿಯೊಳಗೆ ಬಿದ್ದದ್ದು ಮಾತ್ರ ಉಳಿಯುತ್ತದೆ. ಮುಖದ ಗೆರೆಯೊಳಗೆ ಎಲೆಗಳು ತುಂಬಿಕೊಳ್ಳುತ್ತವೆ. ಕತ್ತರಿ ಹಿಡಿಯುವುದೇ ಬೇಡ, ಬೆಳಕೇ ಕತ್ತರಿಸಿಕೊಡುತ್ತದೆ.

ಇದು ಕೈಗೆ ಹತ್ತಿದ ಮೇಲೆ ಉಲ್ಟಾ ಮಾಡಿ. ಕಪ್ಪು ಹಿನ್ನೆಲೆ ಇಟ್ಟು ಮುಖದ ಒಂದು ಬದಿಗೆ ಮಾತ್ರ ಬೆಳಕು ಕೊಡಿ. ಆಗ ಬೆಳಗಿದ ಕೆನ್ನೆ ಗಟ್ಟಿಯಾಗಿ ನಿಲ್ಲುತ್ತದೆ. ಇನ್ನೊಂದು ಬದಿ ಕರಗಿ ಎರಡನೆಯ ಚಿತ್ರವಾಗುತ್ತದೆ. ಗುಟ್ಟು ಇರುವ ಮುಖಗಳಿಗೆ ನನಗೆ ಇದೇ ಹೆಚ್ಚು ಇಷ್ಟ.

ಎರಡು ಸಲ ಬೆಳಕು ಬಿದ್ರೆ ಫೋಟೋ ಬೆಳ್ಳಗಾಗಲ್ವಾ? ಎಷ್ಟು ಕಡಿಮೆ ಮಾಡ್ಬೇಕು?

ಎರಡು ಚಿತ್ರಗಳೂ ಪೂರ್ತಿ ಒಂದರ ಮೇಲೊಂದು ಕೂರುವುದಾದರೆ ಪ್ರತಿಯೊಂದನ್ನೂ ಒಂದು ಸ್ಟಾಪ್ ಕಡಿಮೆ ಮಾಡಿ, ಅಂದರೆ ಬೆಳಕನ್ನು ಅರ್ಧಕ್ಕೆ ಇಳಿಸಿ. ನಾಲ್ಕಾದರೆ ಎರಡು ಸ್ಟಾಪ್. ಫಿಲ್ಮ್ ಆದರೆ ಇನ್ನೂ ಸುಲಭ: ಎರಡು ಚಿತ್ರಕ್ಕೆ ಐಎಸ್ಒ 400ರ ರೋಲನ್ನು ಕ್ಯಾಮೆರಾದಲ್ಲಿ 800 ಎಂದು ಇಟ್ಟುಬಿಡಿ, ಮೀಟರ್ ಅರ್ಧ ಬೆಳಕನ್ನೇ ತೋರಿಸುತ್ತದೆ.

ಬಿಳಿ ಆಕಾಶದ ಎದುರಿನ ಕಪ್ಪು ಆಕೃತಿಗೆ ಈ ಲೆಕ್ಕ ಬೇಡ. ಅಲ್ಲಿ ಮೊದಲ ಚಿತ್ರ ಆಕೃತಿಯ ಒಳಗೆ ಬೆಳಕನ್ನೇ ಬಿಟ್ಟಿಲ್ಲ. ಹಾಗಾಗಿ ಎರಡನೆಯದನ್ನು ಮಾಮೂಲಿಯಾಗಿ ತೆಗೆದರೆ ಸರಿಹೋಗುತ್ತದೆ. ಪುಸ್ತಕದ ಲೆಕ್ಕ ನಂಬಿ ನಾನು ಒಂದು ಇಡೀ ರೋಲನ್ನು ಮಂಕು ಮಾಡಿಕೊಂಡ ಮೇಲೆ ಇದು ತಲೆಗೆ ಹೋಯಿತು.

ಕ್ಯಾಮೆರಾ ಮೆನುವಿನಲ್ಲಿ ಆಡಿಟಿವ್, ಆವರೇಜ್, ಬ್ರೈಟ್, ಡಾರ್ಕ್ ಅಂತ ಇದೆ. ಯಾವುದು ತಗೊಳ್ಳಲಿ?

ಆಡಿಟಿವ್ ಎಂದರೆ ಫಿಲ್ಮಿನ ಹಾಗೆ ಬೆಳಕಿನ ಮೇಲೆ ಬೆಳಕು. ಎಕ್ಸ್‌ಪೋಶರ್ ಕಡಿಮೆ ಮಾಡುವ ಹೊಣೆ ನಿಮ್ಮದು. ಆವರೇಜ್‌ನಲ್ಲಿ ಆ ಲೆಕ್ಕವನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ, ಆದರೆ ಚಿತ್ರ ಸ್ವಲ್ಪ ಸಪ್ಪೆ ಬರುವುದುಂಟು. ಬ್ರೈಟ್‌ನಲ್ಲಿ ಎರಡರಲ್ಲಿ ಎಲ್ಲಿ ಬೆಳಕು ಜಾಸ್ತಿಯೋ ಅದು ಉಳಿಯುತ್ತದೆ, ಡಾರ್ಕ್‌ನಲ್ಲಿ ಎಲ್ಲಿ ಕತ್ತಲು ಜಾಸ್ತಿಯೋ ಅದು. ಕಪ್ಪು ಹಿನ್ನೆಲೆಗೆ ಬ್ರೈಟ್ ಒಳ್ಳೆಯದು. ಉಳಿದದ್ದಕ್ಕೆಲ್ಲ ನಾನು ಆಡಿಟಿವ್ ಬಳಸುತ್ತೇನೆ. ಮೊದಲ ಚಿತ್ರ ಪರದೆಯ ಮೇಲೆ ಮಸುಕಾಗಿ ಕಾಣುತ್ತಿದ್ದರೆ ಎರಡನೆಯದನ್ನು ಅದರ ಮೇಲೆ ಕೂರಿಸುವುದು ಸಲೀಸು. ಕ್ಯಾನನ್ 5ಡಿ ಮಾರ್ಕ್ 3 ಬಂದ 2012ರಿಂದ ಆ ಕಂಪನಿಯ ಹಲವು ಡಿಜಿಟಲ್ ಕ್ಯಾಮೆರಾಗಳಲ್ಲೂ ಚಿತ್ರ ಬೆರೆಸುವ ಈ ಸೌಲಭ್ಯ ಇದೆ. ಅದರಲ್ಲಿ 9 ಚಿತ್ರಗಳವರೆಗೆ ಸೇರಿಸಬಹುದು. ಆದರೂ ಎರಡು ಸಾಕು. ಮೂರನೆಯದು ಬಂದರೆ ಬಹಳ ಸಲ ಮೊದಲಿನ ಎರಡರ ಮಾತು ಕೆಡುತ್ತದೆ.

ಅಪ್ಪನ ಹಳೇ ಫಿಲ್ಮ್ ಕ್ಯಾಮೆರಾ ಇದೆ. ಅದ್ರಲ್ಲಿ ಹೇಗೆ?

ಕೆಲವು ಕ್ಯಾಮೆರಾಗಳಲ್ಲಿ ಇದಕ್ಕೆಂದೇ ಸಣ್ಣ ಗುಂಡಿಯೋ ಲಿವರೋ ಇರುತ್ತದೆ. ನಿಕಾನ್ ಎಫ್‌ಎಂ2ನಲ್ಲಿ ಇದೆ. ಹೋಲ್ಗಾ ಎಂಬ ಪ್ಲಾಸ್ಟಿಕ್ ಕ್ಯಾಮೆರಾದಲ್ಲಿ ಶಟರಿಗೂ ರೀಲು ಸುತ್ತುವುದಕ್ಕೂ ಸಂಬಂಧವೇ ಇಲ್ಲ, ಎಷ್ಟು ಸಲ ಬೇಕಾದರೂ ಒತ್ತಬಹುದು. ಮಾಮೂಲಿ 35 ಮಿ.ಮೀ. ಕ್ಯಾಮೆರಾದಲ್ಲಿ ಲಿವರ್ ಎಳೆದರೆ ಶಟರ್ ಸಿದ್ಧವಾಗುತ್ತದೆ, ಜೊತೆಗೆ ಫಿಲ್ಮೂ ಮುಂದೆ ಹೋಗುತ್ತದೆ. ಅದನ್ನು ತಪ್ಪಿಸಬೇಕು. ಮೊದಲ ಚಿತ್ರ ತೆಗೆದ ಮೇಲೆ ರಿವೈಂಡ್ ಹಿಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯಿರಿ. ಹಿಡಿಯನ್ನು ಹಾಗೇ ಹಿಡಿದುಕೊಳ್ಳಿ. ತಳದ ರಿವೈಂಡ್ ಗುಂಡಿ ಒತ್ತಿ, ಲಿವರ್ ಎಳೆಯಿರಿ. ಶಟರ್ ಸಿದ್ಧವಾಗುತ್ತದೆ, ಫಿಲ್ಮ್ ಬಹುಮಟ್ಟಿಗೆ ಅಲ್ಲೇ ಇರುತ್ತದೆ. ಒಂದು ಕೂದಲೆಳೆ ಸರಿಯಬಹುದು. ಹಾಗಾಗಿ ಎರಡನೆಯದರ ನಂತರ ಲೆನ್ಸಿಗೆ ಮುಚ್ಚಳ ಹಾಕಿ ಒಂದು ಸಲ ಖಾಲಿ ಒತ್ತಿಬಿಡಿ, ಮುಂದಿನ ಚಿತ್ರದ ಮೇಲೆ ಹತ್ತುವುದಿಲ್ಲ.

ಇನ್ನೊಂದು ದಾರಿ ನನಗೆ ತುಂಬ ಪ್ರೀತಿಯದು. ಇಡೀ ರೋಲಿನಲ್ಲಿ ಬರೀ ಮುಖಗಳನ್ನು ತೆಗೆಯಿರಿ. ರೋಲು ಹಾಕುವಾಗಲೇ ಫಿಲ್ಮಿನ ತುದಿ ಎಲ್ಲಿ ಕೂತಿದೆ ಎಂದು ಪೆನ್ನಿನಲ್ಲಿ ಗುರುತು ಮಾಡಿರಬೇಕು. ತುದಿ ಒಳಗೆ ಹೋಗದಂತೆ ರಿವೈಂಡ್ ಮಾಡಿ, ಸ್ನೇಹಿತರಿಗೆ ಕೊಡಿ. ಅವರು ಅದೇ ಗುರುತಿಗೆ ಹಾಕಿ ತಮಗೆ ಬೇಕಾದ್ದನ್ನು ತೆಗೆಯಲಿ. ತೊಳೆದು ಬರುವವರೆಗೆ ಇಬ್ಬರಿಗೂ ಏನೂ ಗೊತ್ತಿರುವುದಿಲ್ಲ.

## ಅರ್ಥದ ಮಾತು

ಮುಖದೊಳಗೆ ಏನು ಹಾಕ್ಲಿ? ಎಲ್ಲರೂ ಕಾಡು, ಹಕ್ಕಿ, ನಕ್ಷತ್ರನೇ ಹಾಕ್ತಾರೆ.

ಕಾಡು ಹಾಕಬಾರದು ಅಂತೇನೂ ಇಲ್ಲ. ಆ ಕಾಡಿಗೂ ಆ ಮನುಷ್ಯರಿಗೂ ಏನು ನಂಟು ಅನ್ನುವುದು ಮುಖ್ಯ. ನಂಟಿಲ್ಲದಿದ್ದರೆ ಅದು ಚಂದದ ಬಟ್ಟೆಯ ಹಾಗೆ, ಯಾರು ಹಾಕಿಕೊಂಡರೂ ಒಂದೇ.

ಒಬ್ಬ ಹೆಂಗಸು ಬಂದು ತಮ್ಮ ಚಿತ್ರದಲ್ಲಿ ಹೂವು ಇರಲಿ ಎಂದರು. ಯಾವ ಹೂವು ಎಂದು ಕೇಳಿದೆ. ಯಾವುದಾದರೂ ಸರಿ ಎಂದರು. ಆಗ ಬೇರೆ ಥರ ಕೇಳಿದೆ: 'ಕಣ್ಣು ಮುಚ್ಚಿದ ತಕ್ಷಣ ಯಾವ ಜಾಗ ಬರುತ್ತದೆ?' ಬಹಳ ಹೊತ್ತು ಸುಮ್ಮನಿದ್ದು, ಒಂದು ಆಸ್ಪತ್ರೆಯ ಕಿಟಕಿ ಎಂದರು. ಅಮ್ಮನ ಹಾಸಿಗೆ ಪಕ್ಕ ಏಳು ತಿಂಗಳು ಕೂತು ನೋಡಿದ ಕಿಟಕಿ. ಐದು ಅಡ್ಡ ಸರಳು, ಮೂರನೆಯದು ಕೊಂಚ ಬಾಗಿತ್ತು ಎಂದೂ ಹೇಳಿದರು. ಅಂಥದ್ದೇ ಒಂದು ಕಿಟಕಿ ಹುಡುಕಿ ತೆಗೆದೆವು. ಸರಳುಗಳು ಅವರ ಕುತ್ತಿಗೆಯಿಂದ ಕೂದಲಿನವರೆಗೆ ಹಾದುಹೋದವು, ನಡುವೆ ಬೆಳಗಿನ ಬೆಳಕು. ಹೂವಿನಿಂದ ಆ ಮಾತು ಬರುತ್ತಿರಲಿಲ್ಲ.

ಹಾಗಾಗಿ 'ನಿಮಗೇನು ಇಷ್ಟ' ಎಂದು ಕೇಳಬೇಡಿ. ಇಷ್ಟಗಳು ಎಲ್ಲರವೂ ಹೆಚ್ಚುಕಮ್ಮಿ ಒಂದೇ. ದಿನಾ ಏನು ನೋಡುತ್ತೀರಿ, ಯಾವ ಸದ್ದಿಗೆ ಎಚ್ಚರ ಆಗುತ್ತದೆ, ಬಿಟ್ಟು ಬಂದ ಮನೆಯ ಯಾವ ಮೂಲೆ ನೆನಪಿದೆ ಎಂದು ಕೇಳಿ. ರಷ್ಯಾದ ವಿನ್ಯಾಸಕಾರ ಎಲ್ ಲಿಸಿಟ್ಸ್ಕಿ 1924ರಲ್ಲಿ ತನ್ನದೇ ಮುಖದ ಮೇಲೆ ಕೈವಾರ ಹಿಡಿದ ಕೈಯನ್ನು ಕೂರಿಸಿದ. ಅಂಗೈಯ ನಡುವಿನಿಂದ ಕಣ್ಣು ನೋಡುತ್ತದೆ. ವಿನ್ಯಾಸ ಮಾಡುವವನಿಗೆ ಕಣ್ಣೂ ಕೈಯೂ ಬೇರೆಯಲ್ಲ, ಅದನ್ನು ಅಷ್ಟು ನೇರವಾಗಿ ಹೇಳಿದ ಇನ್ನೊಂದು ಚಿತ್ರ ನಾನು ಕಂಡಿಲ್ಲ. ಕೈವಾರ ಅವನ ದಿನನಿತ್ಯದ ಸಾಮಾನು. ನಿಮ್ಮ ಕೈವಾರ ಯಾವುದು?

ಅಪ್ಪ ತೀರಿಹೋಗಿದ್ದಾರೆ. ಅವ್ರ ಹಳೇ ಫೋಟೋ ಜೊತೆ ನನ್ನ ಮುಖ ಸೇರಿಸ್ಬೇಕು. ಅದು ತಪ್ಪಾ?

ತಪ್ಪಲ್ಲ. ತಪ್ಪು ಮಮ್ಲರನ ಥರದ್ದು. ಗಂಡನನ್ನು ಕಳೆದುಕೊಂಡ ಮೇರಿ ಟಾಡ್ ಲಿಂಕನ್ 1872ರ ಸುಮಾರಿಗೆ ಅವನ ಎದುರು ಕುಳಿತಿದ್ದರು. ಬಂದ ಚಿತ್ರದಲ್ಲಿ ಅವರ ಹೆಗಲ ಮೇಲೆ ಕೈಯಿಟ್ಟ ಅಬ್ರಹಾಂ ಲಿಂಕನ್‌ರ ಮಸುಕು ರೂಪ. ಅದಕ್ಕೂ ಮೊದಲೇ 1869ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಮೇಲೆ ವಂಚನೆಯ ಆರೋಪ ಬಂದು ವಿಚಾರಣೆ ನಡೆದಿತ್ತು. ಸಾಕಷ್ಟು ಪುರಾವೆ ಇಲ್ಲದೆ ಬಿಡುಗಡೆಯಾಗಿದ್ದ. ದುಃಖದಲ್ಲಿದ್ದವರಿಗೆ ಅವನು ಸುಳ್ಳು ಹೇಳಿದ. ನೀವು ಯಾರಿಗೂ ಸುಳ್ಳು ಹೇಳುತ್ತಿಲ್ಲ. ಹೋದವರು ಹೋಗಿದ್ದಾರೆ ಎಂದು ಗೊತ್ತಿದ್ದೇ ಈ ಚಿತ್ರ ಮಾಡುತ್ತಿದ್ದೀರಿ.

ನಾನೂ ಮಾಡಿದ್ದೇನೆ. ಮೊದಲ ಸಲ ಅಪ್ಪನ ಕಣ್ಣಿನ ಮೇಲೆ ನನ್ನ ಕಣ್ಣು, ತುಟಿಯ ಮೇಲೆ ತುಟಿ ಸರಿಯಾಗಿ ಕೂರಿಸಿದೆ. ಬಂದದ್ದು ಮೂರನೆಯ ಮನುಷ್ಯ. ಅವನು ಅಪ್ಪನೂ ಆಗಿರಲಿಲ್ಲ, ನಾನೂ ಆಗಿರಲಿಲ್ಲ. ನೋಡಲು ಆಗಲಿಲ್ಲ, ಅಳಿಸಿಬಿಟ್ಟೆ. ಆಮೇಲೆ ಅವರ ಚಿತ್ರವನ್ನು ಪಕ್ಕಕ್ಕೆ ಸರಿಸಿ, ನನ್ನ ಮುಖದ ನೆರಳಿನ ಬದಿಗೆ ಬಿಟ್ಟೆ. ಅವರ ಕಿವಿ ನನ್ನ ಕೆನ್ನೆಯ ಮೇಲೆ ಬಂತು. ಅಮ್ಮನಿಗೆ ತೋರಿಸಿದೆ. ಅವರು ಏನೂ ಹೇಳದೆ ಆ ಕಿವಿಯ ಮೇಲೆ ಬೆರಳಿಟ್ಟರು, ಆಮೇಲೆ ನನ್ನ ಕಿವಿ ಮುಟ್ಟಿ ನೋಡಿದರು.

ಮಾಡುವ ರೀತಿ ಹೀಗೆ. ಹಳೆಯ ಫೋಟೋವನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಕಿಟಕಿಯ ಪಕ್ಕ, ಹೊಳಪು ಬೀಳದ ಕೋನದಲ್ಲಿ ಮತ್ತೆ ಫೋಟೋ ತೆಗೆಯಿರಿ. ಹಳೆಯ ಪ್ರಿಂಟು ಮಾಸಿ ಮಂಕಾಗಿರುತ್ತದೆ, ಕಾಂಟ್ರಾಸ್ಟ್ ಸ್ವಲ್ಪ ಏರಿಸಿ. ನಿಮ್ಮ ಮುಖಕ್ಕೆ ಒಂದೇ ಬದಿಯ ಬೆಳಕು ಸಾಕು. ಮನೆಯಲ್ಲಿ ಇನ್ನೂ ನೋವಿನಲ್ಲಿ ಇರುವವರಿದ್ದರೆ ಬೇರೆ ಯಾರಿಗೂ ತೋರಿಸುವ ಮೊದಲು ಅವರಿಗೆ ತೋರಿಸಿ. ಬೇಡ ಎಂದರೆ ಒಳಗಿಡಿ.

ನಾನು ಹೇಳ್ಬೇಕು ಅಂದುಕೊಂಡಿದ್ದು ನೋಡೋರಿಗೆ ಗೊತ್ತೇ ಆಗಲ್ಲ. ಕೆಳಗೆ ವಿವರಣೆ ಬರೀಲಾ?

ಒಂದು ಸಾಲು ಬರೆಯಿರಿ, ಎರಡು ಬೇಡ. 'ಏಳು ತಿಂಗಳು ನೋಡಿದ ಕಿಟಕಿ' ಎಂದರೆ ಸಾಕಲ್ಲ. ನೋಡುವವರು ತಮ್ಮದೇ ಕಿಟಕಿಯನ್ನು ನೆನಪಿಸಿಕೊಳ್ಳುತ್ತಾರೆ.

ನನ್ನದೇ ಚಿತ್ರ ತೆಗೆದುಕೊಳ್ಳೋಕೆ ಮುಜುಗರ. ಎಲ್ಲಿಂದ ಶುರು ಮಾಡ್ಲಿ?

ಮುಖದಿಂದ ಬೇಡ. ಕೈಯಿಂದ, ಬೆನ್ನಿನಿಂದ, ಗೋಡೆಯ ಮೇಲಿನ ನಿಮ್ಮ ನೆರಳಿನಿಂದ ಶುರು ಮಾಡಿ. ನೆರಳು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಆಗಲೇ ಕಪ್ಪಾಗಿರುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಪುಸ್ತಕಗಳ ಮೇಲೆ ಫೋನ್ ಇಟ್ಟು ಟೈಮರ್ ಹಾಕಿ. ಕೆಲವು ವಾರ ಇದನ್ನೇ ಮಾಡಿದರೆ ಒಂದು ದಿನ ನೀವಾಗಿಯೇ ಮುಖ ತಿರುಗಿಸುತ್ತೀರಿ.

ಬೇರೆಯವ್ರ ಮುಖದೊಳಗೆ ನನಗೆ ಅನಿಸಿದ್ದನ್ನ ಹಾಕಬಹುದಾ?

ಕೇಳಿ ಹಾಕಿ. ಇದರಲ್ಲಿ ನಾನು ಬಿಗಿ. ಖಿನ್ನತೆ ಇರುವವರ ತಲೆಯೊಳಗೆ ಕಾರ್ಮೋಡ, ವಯಸ್ಸಾದವರ ಮುಖದಲ್ಲಿ ಒಣಗಿದ ಮರ, ಹೀಗೆಲ್ಲ ಹಾಕಿದಾಗ ನಾವು ಅವರ ಮೇಲೆ ತೀರ್ಪು ಬರೆಯುತ್ತಿರುತ್ತೇವೆ. ಅದನ್ನು ಹೊತ್ತು ತಿರುಗಬೇಕಾದವರು ಅವರು.

ಮುಖಗಳನ್ನು ಒಂದರ ಮೇಲೊಂದು ಹಾಕುವುದಕ್ಕೆ ಕರಾಳವಾದ ಚರಿತ್ರೆಯೂ ಇದೆ. 1870ರ ದಶಕದ ಕೊನೆಯಲ್ಲಿ ಫ್ರಾನ್ಸಿಸ್ ಗಾಲ್ಟನ್ ಹಲವು ಅಪರಾಧಿಗಳ ಮುಖಗಳನ್ನು ಒಂದೇ ಪ್ಲೇಟಿನ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಬೀಳಿಸಿ 'ಅಪರಾಧಿಯ ಮುಖ' ಹೇಗಿರುತ್ತದೆ ಎಂದು ಹುಡುಕಿದ. ಮನುಷ್ಯರಲ್ಲಿ ಮೇಲು ಕೀಳು ತಳಿ ಆರಿಸಬೇಕೆಂಬ ಯೂಜೆನಿಕ್ಸ್ ವಾದಕ್ಕೆ ಹೆಸರಿಟ್ಟವನೂ ಇವನೇ. ಬಂದ ಫಲಿತಾಂಶ ನೋಡಿ: ಕೆಟ್ಟತನದ ಗುರುತೆಂದು ಅವನು ಅಂದುಕೊಂಡಿದ್ದೆಲ್ಲ ಅಳಿಸಿಹೋಗಿ ಒಂದು ಸಾಧಾರಣ ಮನುಷ್ಯನ ಮುಖ ಉಳಿಯಿತು. ಅದನ್ನು ಅವನೇ ಬರೆದುಕೊಂಡಿದ್ದಾನೆ.

## ಇನ್ನೂ ಮುಂದೆ

ಕ್ಯಾಮೆರಾದಲ್ಲೇ ಮಾಡಿದ್ದು ನಿಜವಾದ್ದು, ಫೋಟೋಶಾಪ್‌ನಲ್ಲಿ ಮಾಡಿದ್ದು ಮೋಸ ಅಂತಾರೆ. ನೀವೇನಂತೀರಿ?

ನಾನು ಒಪ್ಪುವುದಿಲ್ಲ. ಅಮೆರಿಕದ ಫೋಟೋಗ್ರಾಫರ್ ಜೆರ್ರಿ ಯೂಲ್ಸ್‌ಮನ್ ಡಾರ್ಕ್‌ರೂಮಿನಲ್ಲಿ ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಹಲವು ಎನ್ಲಾರ್ಜರ್‌ಗಳನ್ನು ಸಾಲಾಗಿ ಇಟ್ಟುಕೊಂಡು, ಒಂದೇ ಕಾಗದವನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುತ್ತಾ ಚಿತ್ರ ಕಟ್ಟುತ್ತಿದ್ದರು. ಫೋಟೋ ತೆಗೆದ ಎಷ್ಟೋ ದಿನದ ಮೇಲೆ, ಕತ್ತಲ ಕೋಣೆಯಲ್ಲಿ, ಅವರ ನಿಜವಾದ ಕೆಲಸ ಶುರುವಾಗುತ್ತಿತ್ತು. 1967ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರೊಬ್ಬರದೇ ಪ್ರದರ್ಶನ ಇಟ್ಟಿತು. ಫೋಟೋಶಾಪ್ ಬಂದದ್ದು 1990ರಲ್ಲಿ, ಚಿತ್ರಗಳನ್ನು ಪದರ ಪದರವಾಗಿ ಇಡುವ ಲೇಯರ್ ಅದರಲ್ಲಿ ಬಂದದ್ದು 1994ರಲ್ಲಿ.

ಆದರೆ ವ್ಯತ್ಯಾಸ ಇದೆ. ಕ್ಯಾಮೆರಾದಲ್ಲಿ ಮಾಡುವಾಗ ಎರಡನೆಯದನ್ನು ಒತ್ತುವ ಮುಂಚೆ ನಿರ್ಧಾರ ಆಗಿರಬೇಕು, ಹಿಂದೆ ಹೋಗುವ ಹಾಗಿಲ್ಲ. ಕಂಪ್ಯೂಟರಿನಲ್ಲಿ ನೂರು ಸಲ ಬದಲಿಸಬಹುದು, ಅದರಲ್ಲೇ ಮೊದಲಿನ ಯೋಚನೆ ಕಳೆದುಹೋಗುವುದೂ ಉಂಟು. ಲೇಯರಿನಲ್ಲಿ ಮಾಡುವವರು 'ಸ್ಕ್ರೀನ್' ಮೋಡಿನಿಂದ ಶುರು ಮಾಡಿ, ಫಿಲ್ಮಿನ ಗುಣಕ್ಕೆ ಅದೇ ಹತ್ತಿರ. ಮಾಸ್ಕ್ (ಪದರದ ಒಂದು ಭಾಗವನ್ನು ಮರೆಮಾಡುವ ಸಾಧನ) ಬಳಸಿ ಕಣ್ಣನ್ನು ಮಾತ್ರ ಬಿಡಿಸಿ ಸ್ಪಷ್ಟ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಪೂರ್ತಿ ಬಿಡಿಸಬೇಡಿ. ಅರ್ಧ ಮುಳುಗಿದ ಕಣ್ಣೇ ಹೆಚ್ಚು ಹೊತ್ತು ನೋಡಿಸಿಕೊಳ್ಳುತ್ತದೆ.

ಒಬ್ಬರದ್ದೇ ಮುಖನ ಎರಡು ಸಲ ತೆಗೆದ್ರೆ?

ಇದು ಕಷ್ಟ, ಆದರೆ ನನಗೆ ಈಗ ಇದರದ್ದೇ ಹುಚ್ಚು. ಒಂದು ಎದುರಿನಿಂದ, ಒಂದು ಪಕ್ಕದಿಂದ. ಕಪ್ಪು ಹಿನ್ನೆಲೆ, ಪ್ರತಿ ಸಲವೂ ಒಂದೇ ಬದಿಯ ಬೆಳಕು, ಆದರೆ ಬದಿ ಬೇರೆ ಬೇರೆ. ಎರಡರ ನಡುವೆ ಎರಡು ನಿಮಿಷ ಬಿಡಿ, ಮಾತಾಡಿಸಿ. ಮೊದಲ ಸಲ ಕ್ಯಾಮೆರಾಕ್ಕೆಂದು ಇಟ್ಟುಕೊಂಡ ಮುಖ, ಎರಡನೆಯ ಸಲ ಅದನ್ನು ಮರೆತ ಮುಖ. ಮೂಗು ಮೂಗಿನ ಮೇಲೆ ಬಂದರೆ ಎರಡೂ ಕೆಡುತ್ತವೆ, ಸ್ವಲ್ಪ ದೂರ ಇಡಿ.

ತಪ್ಪಾಗಿ ಬಂದಿದ್ದು ಚೆನ್ನಾಗಿದ್ರೆ ಅದು ನನ್ನದು ಅಂತ ಹೇಳಬಹುದಾ?

1922ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಅಮೆರಿಕದ ಕಲಾವಿದ ಮ್ಯಾನ್ ರೇ ಮಾರ್ಕೆಸಾ ಕಸಾತಿ ಎಂಬ ಶ್ರೀಮಂತೆಯ ಚಿತ್ರ ತೆಗೆದರು. ದೀಪ ಕೈಕೊಟ್ಟು ಶಟರ್ ಬಹಳ ಹೊತ್ತು ತೆರೆದಿಡಬೇಕಾಯಿತು, ಆಕೆ ಅಲುಗಾಡಿದರು. ಒಂದರ ಮೇಲೊಂದು ಕಣ್ಣುಗಳು ಬಂದವು. ಎರಡು ಸಲ ಒತ್ತಿದ್ದಲ್ಲ, ಒಂದೇ ನಿಧಾನದ ಎಕ್ಸ್‌ಪೋಶರ್. ಮ್ಯಾನ್ ರೇ ಹಾಳಾಯಿತು ಎಂದುಕೊಂಡರು. ಅದು ತನ್ನ ಆತ್ಮದ ಚಿತ್ರ ಎಂದು ಆಕೆ ಹೇಳಿದ್ದಾಗಿ ಅವರೇ ನೆನಪಿಸಿಕೊಂಡಿದ್ದಾರೆ. ಬಂದದ್ದು ಆಕಸ್ಮಿಕ ಇರಬಹುದು, ಇಟ್ಟುಕೊಂಡದ್ದು ಆಕಸ್ಮಿಕ ಅಲ್ಲ. ಹತ್ತರಲ್ಲಿ ಯಾವುದನ್ನು ಉಳಿಸಿದಿರಿ ಅನ್ನುವುದರಲ್ಲಿ ನೀವೇ ಇರುತ್ತೀರಿ.

ಪ್ರಿಂಟ್ ಹಾಕಿಸಿದ್ರೆ ಎಲ್ಲ ಕಪ್ಪಾಗಿ ಬರ್ತಿದೆ. ಏನು ಮಾಡ್ಲಿ?

ಪರದೆ ಒಳಗಿನಿಂದ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಈ ಬಗೆಯ ಚಿತ್ರದಲ್ಲಿ ಇರುವುದೆಲ್ಲ ನೆರಳಿನೊಳಗೇ, ಆದ್ದರಿಂದ ಮೊದಲು ಪೆಟ್ಟು ಬೀಳುವುದೂ ಅಲ್ಲಿಗೇ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ ನೋಡಿ, ಆಗಲೂ ನೆರಳಿನೊಳಗಿನ ಗೆರೆ ಕಾಣುವಷ್ಟು ಏರಿಸಿ. ಹೊಳಪಿಲ್ಲದ ಮ್ಯಾಟ್ ಕಾಗದ ತಗೊಳ್ಳಿ. ಹೊಳಪಿನ ಕಾಗದದ ಕಪ್ಪಿನಲ್ಲಿ ನೋಡುವವರ ಮುಖವೇ ಕಾಣುತ್ತದೆ. ಮೊದಲು ಅಂಗೈಯಷ್ಟು ಸಣ್ಣದು ಹಾಕಿಸಿ, ಒಂದೆರಡು ದಿನ ಬೇರೆ ಬೇರೆ ಬೆಳಕಿನಲ್ಲಿ ನೋಡಿ, ಆಮೇಲೆ ದೊಡ್ಡದು. ಗೋಡೆಗೇ ಹಾಕಬೇಕೆಂದೂ ಇಲ್ಲ. ಆಸ್ಪತ್ರೆಯ ಕಿಟಕಿಯ ಚಿತ್ರವನ್ನು ಆ ಹೆಂಗಸು ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಸಿಕೊಂಡಿದ್ದಾರೆ.